ದಿನಕ್ಕೆ ಮುಕ್ಕಾಲು ಗಂಟೆಯಲ್ಲಿ ಹೊಸ ವಿದ್ಯೆ: ಮುಂಬೈಯಲ್ಲಿ ದುಡಿಯುವ ಕನ್ನಡಿಗರಿಗೊಂದು ಮಾರ್ಗದರ್ಶಿ

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿ ಬರುವವರಿಗೆ ದಿನದಲ್ಲಿ ಎರಡೂವರೆ ಮೂರು ಗಂಟೆ ಲೋಕಲ್ಲಿಗೇ ಹೋಗುತ್ತದೆ. ಆಫೀಸು, ಅಡುಗೆ, ಮಕ್ಕಳ ಶಾಲೆ ಎಲ್ಲ ಕಳೆದು ಕೈಗೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಮರಾಠಿ ಮಾತು, ಎಕ್ಸೆಲ್, ಟೈಪಿಂಗ್, ಯಕ್ಷಗಾನದ ಹೆಜ್ಜೆ, ಯಾವುದನ್ನೇ ಹಿಡಿದರೂ ಅಷ್ಟು ಹೊತ್ತು ಸಾಕು. ಆದರೆ ಹೆಚ್ಚಿನವರು ಅದನ್ನು ವಿಡಿಯೊ ನೋಡುತ್ತಾ, ಟಿಪ್ಪಣಿಯ ಸಾಲುಗಳಿಗೆ ಬಣ್ಣ ಬಳಿಯುತ್ತಾ ಕಳೆದುಬಿಡುತ್ತಾರೆ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಮರುದಿನ ಖಾಲಿ ಶೀಟಿನ ಮುಂದೆ ಕೂತರೆ ಕೈ ಓಡುವುದಿಲ್ಲ. ಕೆಳಗಿನ ಹಂತಗಳೆಲ್ಲ ಇದೊಂದು ಕೊರತೆ ನೀಗಿಸಲಿಕ್ಕೇ ಇವೆ: ಸಿಕ್ಕ ಹೊತ್ತಿನ ದೊಡ್ಡ ಪಾಲು ನೋಡದೆ ಮಾಡುವುದಕ್ಕೆ, ಮಾಡಿದ್ದರಲ್ಲಿ ತಪ್ಪಿದ್ದನ್ನು ಕೂಡಲೇ ತಿದ್ದಿಕೊಳ್ಳುವುದಕ್ಕೆ ಹೋಗಬೇಕು.

ಮೊದಲು ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಮರಾಠಿ ಕಲಿಯಬೇಕು’, ‘ಎಕ್ಸೆಲ್ ಬರಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ಎಲ್ಲಿ ಶುರುಮಾಡಬೇಕು, ಯಾವಾಗ ಮುಗಿಯಿತು ಎಂದು ಅದರಿಂದ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಎರಡು ತಿಂಗಳ ನಂತರ ಸೊಸೈಟಿ ಮೀಟಿಂಗಿನಲ್ಲಿ ನೀರಿನ ದೂರನ್ನು ಮರಾಠಿಯಲ್ಲೇ ಎರಡು ನಿಮಿಷ ಹೇಳುತ್ತೇನೆ.’ ಅಥವಾ, ‘ತಿಂಗಳ ಕೊನೆಗೆ ಹೋಟೆಲಿನ ಖರೀದಿ ಬಿಲ್ಲುಗಳಿಂದ ಯಾವ ವ್ಯಾಪಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿಯನ್ನು ಅರ್ಧ ಗಂಟೆಯಲ್ಲಿ, ಯಾರನ್ನೂ ಕೇಳದೆ ತೆಗೆಯುತ್ತೇನೆ.’ ಪಕ್ಕದಲ್ಲಿ ನಿಂತ ಅಪರಿಚಿತರೂ ನೋಡಿ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಹೇಳುವಂತಿದ್ದರೆ ಗುರಿ ಸರಿಯಾಗಿದೆ.

ಸರ್ಟಿಫಿಕೇಟ್ ಬೇಕಾದವರ ದಾರಿ ಸ್ವಲ್ಪ ಬೇರೆ. ಮಹಾರಾಷ್ಟ್ರದ ಸರಕಾರಿ ಕಂಪ್ಯೂಟರ್ ಟೈಪಿಂಗ್ ಪರೀಕ್ಷೆ ನಿಮಿಷಕ್ಕೆ 30 ಪದ, 40 ಪದ ಎಂದು ಬೇರೆ ಬೇರೆ ವೇಗಗಳಿಗೆ ನಡೆಯುತ್ತದೆ. ಅಂಥವರು ಹಳೆಯ ಪ್ರಶ್ನೆಪತ್ರಿಕೆಯನ್ನು ಮೊದಲ ದಿನವೇ ತರಿಸಿಕೊಂಡು, ಅದನ್ನೇ ಗುರಿಯಾಗಿ ಇಟ್ಟುಕೊಳ್ಳಲಿ.

ಒಂದು ಸಲಕ್ಕೆ ಒಂದೇ ವಿದ್ಯೆ. ಮರಾಠಿ, ಗಿಟಾರ್, ಕಂಪ್ಯೂಟರ್ ಪ್ರೋಗ್ರಾಮಿಂಗಿನ ಪೈಥಾನ್ ಮೂರನ್ನೂ ಜನವರಿ ಒಂದರಂದು ಶುರುಮಾಡಿದವರಿಗೆ ಫೆಬ್ರವರಿಯ ಹೊತ್ತಿಗೆ ಮೂರೂ ಬಿಟ್ಟುಹೋಗಿರುತ್ತವೆ.

ತುಂಡು ಮಾಡಿ, ಮುಖ್ಯ ತುಂಡನ್ನು ಮೊದಲು ಹಿಡಿಯಿರಿ

ಹೊಸ ಸಂಗತಿಗಳನ್ನು ಮನಸ್ಸು ಒಮ್ಮೆಗೆ ನಾಲ್ಕರಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು ಎಂದು ಸ್ಮರಣೆಯ ಬಗ್ಗೆ ನಡೆದ ಸಂಶೋಧನೆಗಳು ತೋರಿಸಿವೆ. ಅದಕ್ಕೇ ಇಡೀ ವಿದ್ಯೆಯನ್ನು ಒಟ್ಟಿಗೆ ಎತ್ತಿಕೊಂಡರೆ ತಲೆ ಕೆಡುತ್ತದೆ. ಗುರಿಯಿಂದ ಹಿಂದಕ್ಕೆ ಬಂದು, ಅದಕ್ಕೆ ಬೇಕಾದ ತುಂಡುಗಳನ್ನಷ್ಟೇ ಆರಿಸಿ.

ಹೋಟೆಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ನೂರಾರು ಫಾರ್ಮುಲಾಗಳಿವೆ. ಈ ಕೆಲಸಕ್ಕೆ ಬೇಕಾದ ತುಂಡುಗಳು ಮೂರೇ.

ಒಂದು, ಶೀಟನ್ನು ಶುಚಿಯಾಗಿ ಬರೆಯುವುದು. ಮೇಲೆ ಒಂದೇ ತಲೆಸಾಲು, ನಡುವೆ ಖಾಲಿ ಸಾಲು ಇರಕೂಡದು, ಮರ್ಜ್ ಮಾಡಿದ (ಎರಡು ಮೂರು ಸೇರಿಸಿ ಒಂದಾಗಿಸಿದ) ಸೆಲ್ ಇರಕೂಡದು. ಹೊಸಬರು ಎಡವುವುದು ತಾರೀಕಿನಲ್ಲಿ. ಕಂಪ್ಯೂಟರು ಅಮೆರಿಕದ ಪದ್ಧತಿಗೆ (ಮೊದಲು ತಿಂಗಳು, ಆಮೇಲೆ ದಿನ) ಸೆಟ್ ಆಗಿದ್ದರೆ 13/04 ಎಂದು ಹೊಡೆದದ್ದು ಬರೀ ಅಕ್ಷರವಾಗಿ ಉಳಿಯುತ್ತದೆ, 05/04 ಎಂದು ಹೊಡೆದದ್ದು ಸದ್ದಿಲ್ಲದೆ ಮೇ 4 ಆಗಿಬಿಡುತ್ತದೆ. ಗುರುತಿಸುವುದು ಸುಲಭ: ಅಲೈನ್‌ಮೆಂಟ್ ಮುಟ್ಟದೆ ಬಿಟ್ಟರೆ ನಿಜವಾದ ತಾರೀಕು ಸೆಲ್ಲಿನ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಒಂದೇ ಕಾಲಮ್ಮಿನಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಇದ್ದರೆ ಬಲಕ್ಕಿರುವವೂ ತಪ್ಪಾಗಿರಬಹುದು ಎಂದೇ ತಿಳಿದು, ವಿಂಡೋಸ್‌ನ ರೀಜನ್ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ ಮತ್ತೆ ಹೊಡೆಯಿರಿ.

ಎರಡು, ರೇಟಿನ ಪಟ್ಟಿಯಿಂದ ರೇಟು ತರುವ ವಿ-ಲುಕಪ್. ಇದಕ್ಕೆ ನಾಲ್ಕು ಮಾಹಿತಿ ಕೊಡಬೇಕು: ಏನನ್ನು ಹುಡುಕಬೇಕು, ಯಾವ ಪಟ್ಟಿಯಲ್ಲಿ, ಎಷ್ಟನೇ ಕಾಲಮ್ಮು, ತದ್ವತ್ ಹೊಂದಬೇಕೇ ಇಲ್ಲವೇ. ನಾಲ್ಕನೆಯ ಜಾಗದಲ್ಲಿ ಸೊನ್ನೆ (ತದ್ವತ್ ಹೊಂದಬೇಕು ಎಂದರ್ಥ) ಹಾಕದೆ ಬಿಟ್ಟರೆ ಎಕ್ಸೆಲ್ ಅಂದಾಜಿನ ಹೊಂದಾಣಿಕೆಗೆ ಇಳಿಯುತ್ತದೆ. ಪಟ್ಟಿ ಅಕ್ಷರಕ್ರಮದಲ್ಲಿ ಇಲ್ಲದಿದ್ದರೆ ತೊಗರಿಬೇಳೆಯ ಎದುರಿಗೆ ಉದ್ದಿನಬೇಳೆಯ ರೇಟು ಬಂದು ಕೂರಬಹುದು, ತಪ್ಪಾಯಿತೆಂಬ ಸೂಚನೆಯೂ ಕಾಣುವುದಿಲ್ಲ. ಉಳಿದ ತಪ್ಪುಗಳು ಇಷ್ಟು ಅಪಾಯಕಾರಿಯಲ್ಲ, ಏಕೆಂದರೆ ಅವು ಕಣ್ಣಿಗೆ ಬೀಳುತ್ತವೆ. ಹೆಸರಿನ ಕೊನೆಗೆ ಒಂದು ಸ್ಪೇಸ್ ಹೆಚ್ಚಿದ್ದರೆ ‘ಎನ್‌ಎ’ (ಸಿಗಲಿಲ್ಲ) ಎಂದು ಬರುತ್ತದೆ (ಟ್ರಿಮ್ ಫಾರ್ಮುಲಾ ಅದನ್ನು ಕಳೆಯುತ್ತದೆ). ಹುಡುಕುವ ಕಾಲಮ್ಮು ಪಟ್ಟಿಯ ಎಡತುದಿಯಲ್ಲಿ ಇಲ್ಲದಿದ್ದರೂ ಅದೇ ಗತಿ. ಫಾರ್ಮುಲಾವನ್ನು ಕೆಳಕ್ಕೆ ಎಳೆದಾಗ ಪಟ್ಟಿಯೂ ಜೊತೆಗೇ ಜಾರಿದರೆ, ಪಟ್ಟಿಯನ್ನು ಅಲುಗದಂತೆ ಹಿಡಿಯುವ ಡಾಲರ್ ಗುರುತು ($) ಹಾಕಲು ಮರೆತಿದ್ದೀರಿ. ಪಟ್ಟಿಯನ್ನು ಆಯ್ಕೆ ಮಾಡಿದ ಕೂಡಲೇ ಎಫ್4 ಒತ್ತಿ ಅದನ್ನು ಹಾಕುವ ಅಭ್ಯಾಸ ಇರಲಿ.

ಮೂರು, ವ್ಯಾಪಾರಿವಾರು ಮೊತ್ತ ತೆಗೆಯುವ ಪಿವಟ್ ಟೇಬಲ್. ಮೊದಲ ತುಂಡು ಸರಿಯಾಗಿದ್ದರೆ ಇದು ಎರಡು ದಿನದ ಕೆಲಸ. ಅದು ಕೆಟ್ಟಿದ್ದರೆ ಎರಡು ವಾರವಾದರೂ ಮುಗಿಯದು.

ದಿನಗಳನ್ನು ಸಮನಾಗಿ ಹಂಚುವ ಅಗತ್ಯವಿಲ್ಲ. ಮೊದಲ ತುಂಡಿಗೆ ನಾಲ್ಕು ದಿನ, ಎರಡನೆಯದಕ್ಕೆ ಆರು ಏಳು ದಿನ, ಮೂರನೆಯದಕ್ಕೆ ಎರಡು ಮೂರು ದಿನ ಕೊಡಿ. ಎರಡನೆಯದರಲ್ಲಿ ಒಂದು ಇಡೀ ದಿನವನ್ನು ಬೇಕೆಂದೇ ತಪ್ಪು ಮಾಡಲು ಇಡಿ. ಸೊನ್ನೆ ತೆಗೆದು ನೋಡಿ, ಡಾಲರ್ ಅಳಿಸಿ ನೋಡಿ, ಹೆಸರಿನ ಮುಂದೆ ಸ್ಪೇಸ್ ಹಾಕಿ ನೋಡಿ. ಯಾವ ತಪ್ಪಿಗೆ ಪರದೆಯ ಮೇಲೆ ಏನು ಕಾಣುತ್ತದೆ ಎಂಬುದು ಗೊತ್ತಾದವರು ತಿಂಗಳ ಕೊನೆಯ ಗಡಿಬಿಡಿಯಲ್ಲಿ ಹೆದರುವುದಿಲ್ಲ.

ಮುಕ್ಕಾಲು ಗಂಟೆಯ ಒಳಗೆ ಏನೇನು

ಮೊದಲ 10 ನಿಮಿಷ ನಿನ್ನೆಯದನ್ನು ಪುಸ್ತಕ, ಮೊಬೈಲ್ ನೋಡದೆ ಮಾಡಿ. ಆಮೇಲೆ 20 ನಿಮಿಷ ಇಂದಿನ ಒಂದೇ ತುಂಡು. ಇದರಲ್ಲಿ ವಿಡಿಯೊ ಅಥವಾ ಪುಸ್ತಕಕ್ಕೆ 5 ನಿಮಿಷ ಮೀರಬಾರದು. ಮುಂದಿನ 10 ನಿಮಿಷ ಹಳೆಯದನ್ನೂ ಹೊಸದನ್ನೂ ಸೇರಿಸಿ ಇಡಿಯಾಗಿ ಮಾಡಿ. ಕೊನೆಯ 5 ನಿಮಿಷದಲ್ಲಿ ಎಲ್ಲಿ ತೊಡಕಾಯಿತು ಎಂದು ಎರಡು ಸಾಲು ಬರೆದಿಡಿ. ಈ ಎರಡು ಸಾಲೇ ನಾಳೆಯ 20 ನಿಮಿಷವನ್ನು ನಿರ್ಧರಿಸುತ್ತದೆ, ಆದ್ದರಿಂದ ಬಿಡಬೇಡಿ.

ಮೊದಲ 10 ನಿಮಿಷ ಎಲ್ಲರಿಗೂ ಕಹಿ. ನಿನ್ನೆ ಬಂದದ್ದು ಇಂದು ಬಾರದೆ, ‘ನನ್ನ ತಲೆಗೆ ಹತ್ತುವುದಿಲ್ಲ’ ಅನ್ನಿಸುತ್ತದೆ. ಮರೆವು ಸಹಜವೇ. 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿದರೆ ಒಂದೇ ದಿನದಲ್ಲಿ ಬಹುಪಾಲು ಜಾರಿಹೋಗುವುದನ್ನು ಅಳೆದು ತೋರಿಸಿದ. ಜಾರುತ್ತಿರುವುದನ್ನು ಮನಸ್ಸಿನಿಂದ ಎಳೆದು ತೆಗೆಯುವ ಶ್ರಮದಿಂದಲೇ ಅದು ಗಟ್ಟಿಯಾಗುತ್ತದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿ, ಕೆಲವರಿಗೆ ಮತ್ತೆ ಓದಲು, ಕೆಲವರಿಗೆ ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಓದಿದ ಕೂಡಲೇ ‘ಬಂತು’ ಎನ್ನುವ ನಂಬಿಕೆ ಎಷ್ಟು ಮೋಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮರಾಠಿ: ಚೀಟಿ ಬರೆಯುವ ಕ್ರಮ

ಭಾಷೆ ಕಲಿಯುವವರಿಗೆ ಚೀಟಿಗಳಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ‘30 ದಿನಗಳಲ್ಲಿ ಮರಾಠಿ’ಯಂಥ ಪುಸ್ತಕದಿಂದ ‘ಘರ್ ಎಂದರೆ ಮನೆ’ ಎಂದು ಬರೆದುಕೊಂಡರೆ ಅರ್ಧ ಕೆಲಸ ಕೆಟ್ಟಿತು. ಕನ್ನಡಿಗರಿಗೆ ಮರಾಠಿಯ ವಾಕ್ಯದ ಕಟ್ಟು ಕಷ್ಟವೇ ಅಲ್ಲ, ಕ್ರಿಯಾಪದ ಅಲ್ಲಿಯೂ ಕೊನೆಗೇ ಬರುತ್ತದೆ. ಕಷ್ಟವೆಲ್ಲ ಲಿಂಗದಲ್ಲಿದೆ. ನಮಗೆ ಕುರ್ಚಿ, ಮನೆ, ಚಹಾ ಎಲ್ಲ ‘ಅದು’. ಅಲ್ಲಿ ಚಹಾ ಪುಲ್ಲಿಂಗ, ಗಾಡಿ ಸ್ತ್ರೀಲಿಂಗ, ಮನೆ ನಪುಂಸಕ. ಹಾಗಾಗಿ ಚೀಟಿಯಲ್ಲಿ ಒಂಟಿ ಶಬ್ದ ಬೇಡ. ‘ನನ್ನ’ ಎಂಬುದನ್ನೂ ಸೇರಿಸಿ ‘ಮಾಝಾ ಚಹಾ’, ‘ಮಾಝೀ ಗಾಡೀ’, ‘ಮಾಝಂ ಘರ್’ ಎಂದು ಜೋಡಿಯಾಗಿಯೇ ಬರೆಯಿರಿ, ಜೋಡಿಯಾಗಿಯೇ ಬಾಯಲ್ಲಿ ಹೇಳಿ. (ಕೊನೆಯ ಬಿಂದುವನ್ನು ‘ಮ್’ ಎನ್ನಬಾರದು; ಸ್ವಲ್ಪ ಎಳೆದ ‘ಅ’ ಅಷ್ಟೇ.)

ಇದಕ್ಕಿಂತ ದೊಡ್ಡ ಕಾಲ್ತೊಡಕು ಭೂತಕಾಲದಲ್ಲಿದೆ. ‘ನಾನು ತಿಂದೆ’ ಎನ್ನಲು ನಮಗೆ ಒಂದೇ ರೂಪ ಸಾಕು. ಮರಾಠಿಯಲ್ಲಿ ಏನನ್ನು ತಿಂದಿರೋ ಅದರ ಲಿಂಗಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ: ‘ಮೀ ಆಂಬಾ ಖಾಲ್ಲಾ’, ‘ಮೀ ಭಾಕ್ರೀ ಖಾಲ್ಲೀ’, ‘ಮೀ ಕೇಳಂ ಖಾಲ್ಲಂ’ (ಮಾವಿನಹಣ್ಣು, ರೊಟ್ಟಿ, ಬಾಳೆಹಣ್ಣು ತಿಂದೆ). ಹೇಳುವವರು ಗಂಡಸೋ ಹೆಂಗಸೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹತ್ತು ಹದಿನೈದು ವರ್ಷ ಮುಂಬೈಯಲ್ಲಿದ್ದವರೂ ಇದೊಂದರಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ನಿಯಮ ಓದಿರುತ್ತಾರೆ, ಬಾಯಿಗೆ ರೂಢಿ ಮಾಡಿಕೊಂಡಿರುವುದಿಲ್ಲ. ತಿನ್ನು, ನೋಡು, ತಗೊ, ಕೊಡು ಈ ನಾಲ್ಕು ಕ್ರಿಯಾಪದಗಳಿಗೆ ಮೂರು ಮೂರು ವಾಕ್ಯದಂತೆ 12 ಚೀಟಿ ಮಾಡಿಕೊಂಡು ಎರಡು ವಾರ ಬಿಡದೆ ಹೇಳಿದರೆ ನಾಲಿಗೆ ತಾನೇ ತಿರುಗುತ್ತದೆ. ಇನ್ನೊಂದು ಜೋಡಿಯನ್ನೂ ಸೇರಿಸಿ: ಎದುರಿನವರನ್ನು ಬಿಟ್ಟು ‘ನಾವು’ ಎನ್ನಲು ‘ಆಮ್ಹೀ’, ಅವರನ್ನೂ ಸೇರಿಸಿ ಎನ್ನಲು ‘ಆಪಣ್’. ಪಕ್ಕದ ಮನೆಯ ಕಾಕೂಗೆ ‘ಹೋಗೋಣ ಬನ್ನಿ’ ಎನ್ನಬೇಕಿದ್ದರೆ ‘ಆಪಣ್ ಜಾಊಯಾ’. ಅಲ್ಲಿ ‘ಆಮ್ಹೀ’ ಎಂದರೆ ಅವರನ್ನು ಬಿಟ್ಟು ಹೊರಟ ಹಾಗಾಯಿತು.

ಚೀಟಿಯ ಮುಂಬದಿಗೆ ಕನ್ನಡ, ಹಿಂಬದಿಗೆ ಮರಾಠಿ. ಕನ್ನಡ ನೋಡಿ ಮರಾಠಿ ಹೇಳಬೇಕು. ತಿರುಗಾಮುರುಗಾ ಮಾಡಿದರೆ ಓದಿ ಅರ್ಥಮಾಡಿಕೊಳ್ಳಲು ಬರುತ್ತದೆ, ಮಾತು ಬರುವುದಿಲ್ಲ. ದಿನಕ್ಕೆ ಮೂರು ಹೊಸ ವಾಕ್ಯ, 20 ದಿನಕ್ಕೆ 60. ಐದು ಲಕೋಟೆ ಇಟ್ಟುಕೊಳ್ಳಿ: ಮೊದಲನೆಯದನ್ನು ದಿನವೂ, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ಹದಿನೈದು ದಿನಕ್ಕೊಮ್ಮೆ ತೆರೆಯಬೇಕು. ಸರಿ ಹೇಳಿದ ಚೀಟಿ ಮುಂದಿನ ಲಕೋಟೆಗೆ, ತಪ್ಪಿದ್ದು ಎಲ್ಲಿದ್ದರೂ ಮೊದಲನೆಯದಕ್ಕೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಪದ್ಧತಿ ಇದು. ಮೊಬೈಲಿನಲ್ಲಿ ಬೇಕಾದವರಿಗೆ ಇದೇ ಬಗೆಯ ಲೆಕ್ಕವನ್ನು ಆಂಕಿ ಎಂಬ ಆ್ಯಪ್ ತಾನೇ ಇಟ್ಟುಕೊಳ್ಳುತ್ತದೆ. ಹುಮ್ಮಸ್ಸಿನಲ್ಲಿ ದಿನಕ್ಕೆ 20 ಚೀಟಿ ಹಾಕಬೇಡಿ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ದಿನವೂ ನೂರರಷ್ಟು ಚೀಟಿ ತಿರುವಬೇಕಾಗಿ ಬಂದು, ಲಕೋಟೆಗಳು ಅಟ್ಟ ಸೇರುತ್ತವೆ.

ಬೆಳಗಿನ ಎಂಟೂವರೆಯ ಲೋಕಲ್ಲಿನಲ್ಲಿ ಚೀಟಿ ಇರಲಿ, ಕೈಯೆತ್ತಲೂ ಜಾಗವಿಲ್ಲ. ಆ ಹೊತ್ತಿಗೆ ಇಯರ್‌ಫೋನಿನಲ್ಲಿ ಮರಾಠಿ ಸುದ್ದಿ ಹಾಕಿ, ಒಂದು ಸಣ್ಣ ವಾಕ್ಯ ಕೇಳಿ ತುಟಿಯಲ್ಲೇ ಅದನ್ನು ಹೇಳಿಕೊಳ್ಳಿ. ಚೀಟಿಗಳು ರಾತ್ರಿ ಸೀಟು ಸಿಕ್ಕಾಗ.

ತಿದ್ದುವವರನ್ನು ಹುಡುಕಿ

ಮುಂಬೈಯಲ್ಲಿ ಮರಾಠಿ ಕಲಿಯುವವರಿಗೆ ವಿಚಿತ್ರ ತೊಂದರೆ ಒಂದಿದೆ. ಒಂದು ಲಿಂಗ ತಪ್ಪಿದರೆ ಸಾಕು, ಎದುರಿನವರು ಸೌಜನ್ಯಕ್ಕೆಂದು ಹಿಂದಿಗೆ ಹೊರಳುತ್ತಾರೆ. ಅಲ್ಲಿಗೆ ಅಭ್ಯಾಸ ಮುಗಿಯಿತು. ಪುಣೆಯಲ್ಲಿ ಇದು ಅಷ್ಟಿಲ್ಲ, ಸದಾಶಿವ ಪೇಠೆಯ ಅಂಗಡಿಯವರು ನಿಮ್ಮ ಭಾಷೆ ತಪ್ಪಿದರೆ ತಿದ್ದಿಯೇ ಬಿಟ್ಟಾರು. ಮುಂಬೈಯವರು ಮೊದಲೇ ಹೇಳಿಬಿಡಬೇಕು: ‘ಮರಾಠೀತ್ ಬೋಲಾ ನಾ, ಮೀ ಶಿಕ್ತೋಯ್’ (ಮರಾಠಿಯಲ್ಲೇ ಮಾತಾಡಿ, ನಾನು ಕಲಿಯುತ್ತಿದ್ದೇನೆ), ಹೆಂಗಸರಾದರೆ ‘ಶಿಕ್ತೇಯ್’. ಸಂಜೆ ಏಳಕ್ಕೆ ಗಿರಾಕಿಗಳ ನಡುವೆ ತರಕಾರಿಯವಳನ್ನು ಮಾತಿಗೆಳೆಯಬೇಡಿ. ಮಧ್ಯಾಹ್ನ ಮೂರರ ಹೊತ್ತು ಅವಳಿಗೂ ಬಿಡುವು, ಮಾತಿಗೂ ಒಬ್ಬರು ಸಿಕ್ಕ ಹಾಗಾಯಿತು.

ತಿದ್ದುವವರಿಗೆ ‘ನನ್ನ ಮರಾಠಿ ಹೇಗಿದೆ?’ ಎಂದು ಕೇಳಿದರೆ ‘ಛಾನ್ ಆಹೇ’ (ಚೆನ್ನಾಗಿದೆ) ಎನ್ನುತ್ತಾರೆ, ಉಪಯೋಗವಿಲ್ಲ. ‘ಇವತ್ತು ಭೂತಕಾಲ ಎಷ್ಟು ಸಲ ತಪ್ಪಿತು, ಅಷ್ಟನ್ನೇ ಹೇಳಿ’ ಎನ್ನಿ. ಒಂದೇ ಸಂಗತಿ ಕೇಳಿದರೆ ಅವರಿಗೂ ಗಮನಿಸಲು ಸುಲಭ. ಎಕ್ಸೆಲ್‌ಗೆ ಮನುಷ್ಯರೇ ಬೇಕಿಲ್ಲ: ಕ್ಯಾಲ್ಕುಲೇಟರಿನಲ್ಲಿ ಹತ್ತು ಬಿಲ್ಲು ಕೂಡಿ ಹೋಲಿಸಿದರೆ ಸರಿತಪ್ಪು ಗೊತ್ತಾಗುತ್ತದೆ. ಹೆಜ್ಜೆ, ಹಾಡು, ಈಜಿಗೆ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿ ಕೂಡಲೇ ನೋಡಿ. ಒಂದು ವಾರ ಬಿಟ್ಟು ನೋಡಿದರೆ ಅಷ್ಟರಲ್ಲಿ ತಪ್ಪು ಮೈಗಂಟಿರುತ್ತದೆ.

ಬೆರೆಸಿ ಅಭ್ಯಾಸ ಮಾಡಿ

ಮುಂಬೈಯ ಯಕ್ಷಗಾನ ತರಗತಿಗಳು ಸಾಮಾನ್ಯವಾಗಿ ರಜಾದಿನಕ್ಕೆ. ಭಾನುವಾರ ಎರಡು ಗಂಟೆ ಕುಣಿದು, ಆರು ದಿನ ಸುಮ್ಮನಿದ್ದು, ಮುಂದಿನ ಭಾನುವಾರ ಮೊದಲ ಒಂದು ಗಂಟೆಯನ್ನು ಮರೆತದ್ದು ನೆನಪಿಸಿಕೊಳ್ಳುವುದಕ್ಕೇ ಕಳೆಯುವವರು ಬಹಳ. ಮನೆಯಲ್ಲಿ ದಿನಕ್ಕೆ 15 ನಿಮಿಷ ಸಾಕು. ಒಂದು ಕೋಣೆಯ ಮನೆ, ಕೆಳಗಿನ ಮಹಡಿಯವರ ದೂರು ಎಂಬ ನೆಪವೂ ನಿಲ್ಲದು: ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಬಾಯಿತಾಳವನ್ನು ತೊಡೆಯ ಮೇಲೆ ಕೈಯಿಂದ ತಟ್ಟಿ ಕೂತೇ ಮಾಡಬಹುದು. ಬಾಯಿಗೆ ತಾಳ ನಿಂತ ಮೇಲೆ ಕಾಲು ಬೇಗ ಹಿಂಬಾಲಿಸುತ್ತದೆ. ಮೊದಲು ತರಗತಿಯ ಅರ್ಧ ವೇಗದಲ್ಲಿ ಮಾಡಿ. ಸತತ ಐದು ಸುತ್ತು ತಪ್ಪಿಲ್ಲದೆ ಬಂದರೆ ವೇಗವನ್ನು ಸ್ವಲ್ಪವೇ ಏರಿಸಿ, ಎರಡು ಸಲ ತಪ್ಪಿದರೆ ಇಳಿಸಿ.

ಒಂದು ತಾಳ ನಿಲ್ಲುವ ತನಕ ಮಾತ್ರ ಅದನ್ನೊಂದನ್ನೇ ಮಾಡಬೇಕು. ಆಮೇಲೆ ಏಕ, ಆದಿ, ರೂಪಕ, ಝಂಪೆಗಳ ಹೆಸರನ್ನು ನಾಲ್ಕು ಚೀಟಿಯಲ್ಲಿ ಬರೆದು ಕಣ್ಣುಮುಚ್ಚಿ ಎತ್ತಿ, ಬಂದ ತಾಳಕ್ಕೆ ಕೂಡಲೇ ಹೆಜ್ಜೆ ಹಾಕಿ. ಆದಿತಾಳವನ್ನೇ ಅರ್ಧ ಗಂಟೆ ಕುಣಿದಾಗ ಬಹಳ ಚೆನ್ನಾಗಿ ಬಂದ ಹಾಗೆ ಕಾಣುತ್ತದೆ, ಆದರೆ ರಂಗದಲ್ಲಿ ಹಾಡುವ ಭಾಗವತರು ಪದ ಬದಲಿಸಿದ ಕ್ಷಣ ಕಾಲು ತಡವರಿಸುತ್ತದೆ. ಬ್ಯಾಡ್ಮಿಂಟನ್ನಿನ ಮೂರು ಬಗೆಯ ಸರ್ವ್‌ಗಳನ್ನು ಹೊಸಬರಿಗೆ ಕಲಿಸಿ ನೋಡಿದ 1986ರ ಅಧ್ಯಯನದಲ್ಲೂ ಹೀಗೇ ಆಯಿತು: ಒಂದೊಂದನ್ನೇ ಗುಂಪಾಗಿ ಅಭ್ಯಾಸ ಮಾಡಿದವರಿಗಿಂತ ಮೂರನ್ನೂ ಬೆರೆಸಿ ಮಾಡಿದವರು ಮುಂದಿನ ಪರೀಕ್ಷೆಯಲ್ಲಿ ಮೇಲಾದರು. ಎಕ್ಸೆಲ್‌ಗೂ ಇದು ಹೊಂದುತ್ತದೆ. ಯಾವ ಫಾರ್ಮುಲಾ ಎಂದು ಮೊದಲೇ ಹೇಳಿದ ಲೆಕ್ಕಗಳನ್ನು ಬಿಟ್ಟು, ಯಾವುದನ್ನು ಬಳಸಬೇಕೆಂದು ನೀವೇ ಆರಿಸಬೇಕಾದ ಲೆಕ್ಕಗಳನ್ನು ಮಾಡಿ.

ಹಂಚಿದ ದಿನಗಳು, ನಿದ್ದೆ, ಜೊತೆ

ಭಾನುವಾರ ಐದು ಗಂಟೆ ಒಟ್ಟಿಗೆ ಕೂತರೆ ಲೆಕ್ಕ ಸರಿಹೋಗುತ್ತದಲ್ಲ ಎನ್ನುವವರಿಗೆ ಬ್ರಿಟನ್ನಿನ ಅಂಚೆ ನೌಕರರ ಉದಾಹರಣೆ ಇದೆ. ಅವರಿಗೆ ಟೈಪಿಂಗ್ ಕಲಿಸಿ ನೋಡಿದ ಅಧ್ಯಯನವನ್ನು ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಕಡಿಮೆ ಗಂಟೆಗಳಲ್ಲಿ ಕೀಲಿಮಣೆ ಕಲಿತರು. ದಿನಗಳು ಮಾತ್ರ ಹೆಚ್ಚು ಹಿಡಿದವು, ಅದಕ್ಕೇ ತಮ್ಮ ಪದ್ಧತಿ ಮೆಚ್ಚದವರೂ ಅವರೇ. ನಿಧಾನ ಅನ್ನಿಸುವುದೇ ಉಳಿತಾಯದ ದಾರಿಯಾಗಿತ್ತು.

ನಿದ್ದೆ ಕೆಡಿಸಿ ಅಭ್ಯಾಸ ಮಾಡಬೇಡಿ. ಹಗಲು ಮಾಡಿದ್ದು ನೆನಪಿನಲ್ಲಿ ನೆಲೆಯೂರುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ರಾತ್ರಿ ಒಂದರ ತನಕ ಚೀಟಿ ತಿರುವಿ ಐದಕ್ಕೆ ಏಳುವುದು ಹಾಕಿದ್ದನ್ನು ತೆಗೆದ ಹಾಗೆ.

ಜೊತೆಗೊಬ್ಬರು ಇದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಸಂಜೆ ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ತಲೆಮಾರಿಗೆ ನಿಗದಿತ ಹೊತ್ತು, ಪಕ್ಕದ ಬೆಂಚಿನ ಗೆಳೆಯ ಎರಡೂ ಇದ್ದವು. ಇಂದು ಅದನ್ನು ನಾವೇ ಏರ್ಪಡಿಸಿಕೊಳ್ಳಬೇಕು. ವಾಟ್ಸ್ಆ್ಯಪ್ ಗುಂಪು ಮಾಡಿದರೆ ಮೂರನೇ ದಿನಕ್ಕೆ ಗುಡ್ ಮಾರ್ನಿಂಗ್ ಚಿತ್ರಗಳು ಶುರು. ಒಬ್ಬರೇ ಒಬ್ಬರನ್ನು ಹಿಡಿದು, ದಿನವೂ ರಾತ್ರಿ ಒಂದು ನಿಮಿಷದ ಧ್ವನಿಸಂದೇಶ ಕಳಿಸುವ ಒಪ್ಪಂದ ಮಾಡಿಕೊಳ್ಳಿ.

ಮೂರನೇ ವಾರದ ನಂತರ

ಮೊದಲ ಎರಡು ವಾರ ಪ್ರಗತಿ ಕಣ್ಣಿಗೆ ಕಾಣುತ್ತದೆ. ಮೂರನೆಯದರ ಆಸುಪಾಸಿನಲ್ಲಿ ನಿಂತುಹೋದ ಹಾಗೆ ಆಗಿ, ಬಿಡುವವರು ಹೆಚ್ಚಾಗಿ ಅಲ್ಲೇ ಬಿಡುತ್ತಾರೆ. ಆಗ ಹೊತ್ತು ಹೆಚ್ಚಿಸಬೇಡಿ. ದಿನವೂ ಬರೆದಿಟ್ಟ ಎರಡು ಸಾಲುಗಳನ್ನು ತೆಗೆದು ಓದಿ. ಸಾಮಾನ್ಯವಾಗಿ ಒಂದೇ ತೊಡಕು ಮತ್ತೆ ಮತ್ತೆ ಬಂದಿರುತ್ತದೆ. ಒಂದು ವಾರ ಹೊಸದೆಲ್ಲ ನಿಲ್ಲಿಸಿ ಅದಕ್ಕೇ 20 ನಿಮಿಷ ಕೊಡಿ. ಟೈಪಿಂಗಿನಲ್ಲಿ ನಿಮಿಷಕ್ಕೆ 22 ಪದಕ್ಕೆ ನಿಂತವರು ಗಮನಿಸಿದರೆ ಎರಡು ಮೂರು ಬೆರಳುಗಳು ತಪ್ಪು ಕೀಲಿಗೆ ಹೋಗುತ್ತಿರುತ್ತವೆ. ವೇಗವನ್ನು 15ಕ್ಕೆ ಇಳಿಸಿ, ಪರದೆಯಿಂದ ಕಣ್ಣು ತೆಗೆಯದೆ ಆ ಕೀಲಿಗಳಿರುವ ಪದಗಳನ್ನೇ ಹೊಡೆಯಬೇಕು.

ಗುರಿ ಮುಟ್ಟಿದ ದಿನ ಚೀಟಿ, ಶೀಟುಗಳನ್ನು ಎಸೆಯಬೇಡಿ. ಮುಂದಿನ ಒಂದು ತಿಂಗಳು ವಾರಕ್ಕೊಮ್ಮೆ 20 ನಿಮಿಷ, ಆಮೇಲೆ ತಿಂಗಳಿಗೊಮ್ಮೆ ಇಡಿಯಾಗಿ ಒಂದು ಸಲ ನೋಡದೆ ಮಾಡಿ. ಮೀಟಿಂಗ್ ಇಲ್ಲದ ತಿಂಗಳಲ್ಲಿ ನೀರಿನ ದೂರನ್ನು ವಾಚ್‌ಮನ್ ಎದುರಿಗಾದರೂ ಮರಾಠಿಯಲ್ಲಿ ಹೇಳಿ.